ಕೆರೆಯೇರಿಯ ಮೇಲೆ ಈರ್ಯಾಸಮಿತಿ

ಮಾಗಿಯ ಮಂಜು ತೆಂಗಿನ ಗರಿಗಳಿಂದ ಹನಿಹನಿಯಾಗಿ ತೊಟ್ಟಿಕ್ಕುವ ದಿನಗಳಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕೆರೆಗಳಿಗೆ ದೂರದ ಹಕ್ಕಿಗಳು ಬಂದಿಳಿಯುತ್ತವೆ. ಮಲ್ಲಾಘಟ್ಟ, ನೊಣವಿನಕೆರೆ, ಬೋರನಕಣಿವೆಗಳಂತಹ ನೀರಿನ ನೆಲೆಗಳಲ್ಲಿ, ಅಂಚಿನ ಕೆಸರಿನಲ್ಲಿ ಗದ್ದೆಗೊರವಗಳು ಕೊಕ್ಕಾಡಿಸುತ್ತವೆ, ಸಿಪಿಲೆಗಳು ಬಾಲ ಕುಣಿಸುತ್ತವೆ. ಅವುಗಳನ್ನು ಕಾಣಲೆಂದು ದುರ್ಬೀನು ಹಿಡಿದು ಗೆಳೆಯನೊಡನೆ ಬೆಳಗಿನ ಚಳಿಯಲ್ಲಿ ಹೊರಡುವವರಿದ್ದಾರೆ. ಅವರಲ್ಲಿ ಜೈನ ಮನೆತನದವರೂ ಉಂಟು. ಆಗ ಮನೆಯ ಹಿರಿಯರಿಂದ ಒಂದು ಪ್ರಶ್ನೆ ಬರುವುದು ಸಹಜ: "ಬಸದಿಗೆ ಹೋಗುವ ಹೊತ್ತಿನಲ್ಲಿ ಕೆರೆಗೆ ಹೋಗುತ್ತೀಯಲ್ಲಪ್ಪ, ಇದರಿಂದ ಬರುವ ಪುಣ್ಯವೇನು?"

ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕುವುದು ತರವಲ್ಲ. ಇದಕ್ಕೆ ಶಾಸ್ತ್ರದ ಬಲವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ಹೇಳುತ್ತ, ಪ್ರಮಾದಚರ್ಯೆಯನ್ನು ಅವುಗಳಲ್ಲಿ ಒಂದೆಂದು ಎಣಿಸಿದ್ದಾರೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಕಲಕುವುದು, ಗಿಡ ಮುರಿಯುವುದು ಮಾತ್ರವಲ್ಲ, ಕಾರಣವಿಲ್ಲದೆ ತಿರುಗಾಡುವುದೂ ತಿರುಗಾಡಿಸುವುದೂ ಅದರಲ್ಲಿ ಸೇರಿದೆ. ಇಬ್ಬನಿ ಬಿದ್ದ ಹುಲ್ಲನ್ನು ತುಳಿಯುತ್ತ, ಕಾಲಡಿಯ ಕೀಟಗಳನ್ನು ಲೆಕ್ಕಿಸದೆ, ಕಣ್ಣನ್ನು ಆಕಾಶಕ್ಕೆ ನೆಟ್ಟು ನಡೆಯುವ ವಿಹಾರಕ್ಕೆ ಪ್ರಮಾದಚರ್ಯೆಯೆಂಬ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಹಾಗಾದರೆ ಹಕ್ಕಿ ನೋಡುವುದು ಶ್ರಾವಕನಿಗೆ ನಿಷಿದ್ಧವೇ? ಅಲ್ಲ. ಪ್ರಯೋಜನವಿಲ್ಲದ ತಿರುಗಾಟ ದೋಷ. ಜೀವವನ್ನು ಅರಿಯುವುದಕ್ಕಿಂತ ದೊಡ್ಡ ಪ್ರಯೋಜನ ಅಹಿಂಸೆಯನ್ನು ವ್ರತವಾಗಿ ಹಿಡಿದವನಿಗೆ ಬೇರೆ ಇರಲಾರದು. ಆದರೆ ನೋಟ ಅರಿವಾಗಬೇಕು. ಹಾಗಾಗದೆ ಹೋದರೆ ಹಿರಿಯರ ಮಾತೇ ಗೆಲ್ಲುತ್ತದೆ.

ಅಹಿಂಸೆಯ ವಿಚಾರ ಬಂದಾಗ ಸಮಾಜದಲ್ಲಿ ದಯೆಯ ಮಾತು ಹೆಚ್ಚು, ಜೀವಗಳ ಪರಿಚಯ ಕಡಿಮೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವಾದರೋ ಜೀವಗಳ ಇಂದ್ರಿಯವೆಷ್ಟು, ಮನಸ್ಸುಂಟೇ, ಹುಟ್ಟು ಯಾವ ಬಗೆಯದು ಎಂಬ ವಿಚಾರಕ್ಕೆ ಸೂತ್ರದ ಮೇಲೆ ಸೂತ್ರ ಮೀಸಲಿಟ್ಟಿದೆ. ಮೊಟ್ಟೆಯೊಡೆದು ಬರುವ ಜೀವವನ್ನೂ ಮನುಷ್ಯನಂತೆ ಬಸಿರಿನಿಂದ ಬರುವ ಜೀವವನ್ನೂ ಆಚಾರ್ಯರು ಗರ್ಭಜನ್ಮವೆಂಬ ಒಂದೇ ಗುಂಪಿನಲ್ಲಿ ಇಟ್ಟಿದ್ದಾರೆ. ಹಕ್ಕಿ ಪಂಚೇಂದ್ರಿಯ ತಿರ್ಯಂಚ. ಮನಸ್ಸುಳ್ಳ ಸಂಜ್ಞಿ ತಿರ್ಯಂಚಕ್ಕೆ ಸಮ್ಯಗ್ದರ್ಶನವೂ ದೇಶವ್ರತವೂ ಸಾಧ್ಯ, ಐದನೆಯ ಗುಣಸ್ಥಾನದವರೆಗೆ ಅದು ಏರಬಲ್ಲುದು ಎಂದು ಆಗಮ ಹೇಳುತ್ತದೆ. ಜೈನ ರಾಮಾಯಣಗಳ ಜಟಾಯು ಮುನಿಗಳ ಸನ್ನಿಧಿಯಲ್ಲಿ ಪೂರ್ವಭವ ನೆನೆದು ವ್ರತ ಹಿಡಿದ ಹದ್ದು. ಇಷ್ಟನ್ನು ಬಾಯಿಪಾಠ ಹೇಳುವವರು ಕೆರೆಯಲ್ಲಿ ಮುಳುಗೇಳುವ ಗುಳುಮುಳುಕನನ್ನು ಬಾತಿನ ಮರಿಯೆಂದು ಮಕ್ಕಳಿಗೆ ತೋರಿಸುತ್ತಾರೆ.

ಐದನೆಯ ತೀರ್ಥಂಕರ ಸುಮತಿನಾಥ ಸ್ವಾಮಿಯ ಲಾಂಛನ ದಿಗಂಬರ ಪರಂಪರೆಯಲ್ಲಿ ಚಕ್ರವಾಕ, ಶ್ವೇತಾಂಬರರು ಕ್ರೌಂಚವೆನ್ನುತ್ತಾರೆ. ಬಿಂಬದ ಪೀಠದಲ್ಲಿ ಕೆತ್ತಿದ ಆ ಹಕ್ಕಿಗೆ ನಿತ್ಯ ಕೈಮುಗಿಯುವವರಲ್ಲಿ ಎಷ್ಟು ಮಂದಿಗೆ ಅದು ಕಾವ್ಯದ ಕಲ್ಪನೆಯಲ್ಲ, ಕಿತ್ತಳೆಗೆಂಪು ಮೈಯ ನಿಜವಾದ ಬಾತು ಎಂಬುದು ತಿಳಿದಿದೆ? ಮಧ್ಯ ಏಷ್ಯಾ, ಟಿಬೆಟ್ಟಿನ ಎತ್ತರದ ನಾಡುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ಕರ್ನಾಟಕದ ದೊಡ್ಡ ಕೆರೆಗಳಿಗೂ ಹಿನ್ನೀರುಗಳಿಗೂ ಅದು ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆ, ಮೈಸೂರಿನ ಬಳಿಯ ಹದಿನಾರು ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತಂತೂ ಹಿಮಾಲಯವನ್ನೇ ದಾಟುತ್ತದೆ.

ಅರಿವಿಲ್ಲದ ದಯೆ ಎಷ್ಟು ದೊಡ್ಡ ಹಾನಿ ಮಾಡಬಲ್ಲುದೆಂಬುದಕ್ಕೆ ರಣಹದ್ದಿನ ಕಥೆಯೇ ಸಾಕು. ತತ್ತ್ವಾರ್ಥಸೂತ್ರದ ಕರ್ತೃವಾದ ಉಮಾಸ್ವಾತಿಗಳಿಗೆ ಗೃಧ್ರಪಿಂಛಾಚಾರ್ಯರೆಂಬ ಹೆಸರುಂಟು. ಶ್ರವಣಬೆಳಗೊಳದ ಶಾಸನಗಳಲ್ಲಿ ಆ ಹೆಸರು ಕಾಣುತ್ತದೆ. ಗೃಧ್ರವೆಂದರೆ ರಣಹದ್ದು. ದನಗಳ ನೋವು ಶಮನವಾಗಲೆಂದು ಕೊಟ್ಟ ಡೈಕ್ಲೋಫೆನಾಕ್ ಎಂಬ ಔಷಧಿ, ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದ ತುಂಬ ಅವುಗಳನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ಸರ್ಕಾರ ಪಶುಚಿಕಿತ್ಸೆಗೆ ಆ ಔಷಧಿಯನ್ನು ನಿಷೇಧಿಸಿತು. ಕೊಟ್ಟವರಲ್ಲಿ ಯಾರಿಗೂ ಕೊಲ್ಲುವ ಸಂಕಲ್ಪವಿರಲಿಲ್ಲ, ಇದ್ದುದು ಕರುಣೆಯೇ. ಆಕಾಶದಲ್ಲಿ ರಣಹದ್ದುಗಳು ಕಡಿಮೆಯಾದುದನ್ನು ಮೊದಲು ಗಮನಿಸಿದವರು ಹಕ್ಕಿಗಳನ್ನು ನೋಡುತ್ತಿದ್ದವರು, ಎಣಿಸುತ್ತಿದ್ದವರು. ಆ ನೋಟವನ್ನು ವ್ಯರ್ಥವೆನ್ನಲಾದೀತೆ?

ಇನ್ನು ನೋಡುವ ರೀತಿಯ ವಿಚಾರ. ಗೆಳೆಯರಿಬ್ಬರು ಸೂರ್ಯೋದಯದ ಹೊತ್ತಿಗೆ ಮಲ್ಲಾಘಟ್ಟದ ಏರಿಯ ಮೇಲಿದ್ದಾರೆಂದು ಭಾವಿಸೋಣ. ಒಬ್ಬ ಶ್ರಾವಕ, ಇನ್ನೊಬ್ಬ ಅದೇ ಸೀಮೆಯ ತೋಟಗಾರ. ಬುತ್ತಿಯಲ್ಲಿ ಅವಲಕ್ಕಿ, ಒಂದಿಷ್ಟು ಕೊಬ್ಬರಿ-ಬೆಲ್ಲ. ತಂಬಿಗೆಯಲ್ಲಿ ಸೋಸಿ ಕಾಯಿಸಿದ ನೀರು. ಇಬ್ಬರ ನಡುವೆ ಒಂದೇ ದುರ್ಬೀನು. ಮುನಿಗಳಿಗೆ ಹೇಳಿದ ಈರ್ಯಾಸಮಿತಿ ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯಬೇಕೆನ್ನುತ್ತದೆ. ಹಕ್ಕಿಯಾದರೋ ಮೇಲೆ ಇದೆ. ಈ ತೊಡಕಿಗೆ ಪರಿಹಾರ ಸರಳ: ನಡೆಯುವಾಗ ನೋಡಬಾರದು, ನೋಡುವಾಗ ನಡೆಯಬಾರದು. ಹಕ್ಕಿಯನ್ನು ಬಲ್ಲವರ ಅನುಭವವೂ ಇದನ್ನೇ ಹೇಳುತ್ತದೆ. ನಡೆಯುವವನಿಗೆ ಕಾಣುವುದು ಹಾರಿಹೋಗುವ ಹಕ್ಕಿಯ ಬೆನ್ನು. ನಿಂತವನ ಬಳಿಗೆ ಅದು ತಾನಾಗಿ ಬರುತ್ತದೆ. ಬೇಸಿಗೆ ಸಮೀಪಿಸಿತೆಂದರೆ ಈ ಎಚ್ಚರ ಇನ್ನೂ ಅಗತ್ಯ; ಟಿಟ್ಟಿಭ ಬಯಲಿನ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಆ ಮೊಟ್ಟೆಗೂ ಬೆಣಚುಕಲ್ಲಿಗೂ ವ್ಯತ್ಯಾಸ ತಿಳಿಯದು. ಮಾತು ಕಡಿಮೆಯಾದಷ್ಟೂ ಕಾಣುವುದು ಹೆಚ್ಚು. ಎರಡು ಗಳಿಗೆ ಹೀಗೆ ಅಲುಗದೆ, ನುಡಿಯದೆ ಕುಳಿತವನು ಸಾಮಾಯಿಕದ ಹೊಸಿಲಲ್ಲಿ ಕುಳಿತಿದ್ದಾನೆ ಎಂದರೆ ಅತಿಶಯೋಕ್ತಿಯಾಗದು. ಆತ್ಮದ ಸ್ವಭಾವ ಅರಿಯುವುದು ಮತ್ತು ಕಾಣುವುದು. ಜ್ಞಾತೃ-ದ್ರಷ್ಟೃ ಭಾವವೆಂದು ಆಚಾರ್ಯರು ಕರೆದದ್ದು ಇದನ್ನೇ.

ಆ ಭಾವಕ್ಕೆ ಭಂಗ ಬರುವುದು ಆಸೆಯಿಂದ. ಅಪರೂಪದ ಹಕ್ಕಿ ಕಂಡರೆ ಹಿಗ್ಗು, ಕಾಗೆ ಕಂಡರೆ ಅಸಡ್ಡೆ. ಗೆಳೆಯನ ಪಟ್ಟಿಯಲ್ಲಿ ಅರುವತ್ತು, ತನ್ನದರಲ್ಲಿ ಐವತ್ತೆಂಟು ಎಂಬ ಕೊರಗು. ಎಣಿಕೆ ತಪ್ಪಲ್ಲ, ಜನವರಿಯಲ್ಲಿ ನಡೆಯುವ ನೀರುಹಕ್ಕಿಗಳ ಗಣತಿ ಜ್ಞಾನದ ಕೆಲಸವೇ. ಎಣಿಸಿದ್ದು ತನ್ನ ಗಳಿಕೆಯೆಂಬ ಭಾವ ಬಂದೊಡನೆ ಪಟ್ಟಿಯೂ ಪರಿಗ್ರಹವಾಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದಂತೂ ಶುದ್ಧ ವಂಚನೆ. ತನ್ನ ಸೀಮೆಗೆ ಎದುರಾಳಿ ನುಗ್ಗಿದನೆಂದು ಬಗೆದು ಅದು ಮೇವು ಬಿಟ್ಟು, ಗೂಡು ಬಿಟ್ಟು ಓಡಿಬರುತ್ತದೆ. ಮನಸ್ಸುಳ್ಳ ಜೀವಕ್ಕೆ ಹೇಳಿದ ಸುಳ್ಳೂ ಸುಳ್ಳೇ.

ಏರಿಯ ಕೆಳಗೆ ಬೆಳ್ಳಕ್ಕಿಯೊಂದು ಕಪ್ಪೆಯನ್ನು ಹಿಡಿಯಿತೆನ್ನಿ. ಶ್ರಾವಕನ ಕೈ ಕಲ್ಲಿನತ್ತ ಹೋಗುತ್ತದೆ. ತೋಟಗಾರ ಗೆಳೆಯ ತಡೆದು ಕೇಳುತ್ತಾನೆ: "ಅಲ್ಲ ಮಾರಾಯ, ಕಪ್ಪೆ ಉಳಿಸೋಕೆ ಹೋಗಿ ಹಕ್ಕಿಗೆ ಕಲ್ಲು ಹೊಡೀತೀಯಾ?" ಒಳ್ಳೆಯ ಪ್ರಶ್ನೆ. 1929ರಲ್ಲಿ ಆರಂಭವಾಗಿ, ಈಗ ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿರುವ ಜೈನ ಪಕ್ಷಿ ಆಸ್ಪತ್ರೆಯೂ ಇದೇ ತೊಡಕನ್ನು ಎದುರಿಸಿದೆ. ಕಾಳು ತಿನ್ನುವ ಹಕ್ಕಿಗಳನ್ನು ಅಲ್ಲಿ ಒಳರೋಗಿಗಳಾಗಿ ಇರಿಸಿಕೊಳ್ಳುತ್ತಾರೆ. ಬೇಟೆಯ ಹಕ್ಕಿಗಳಿಗೆ ಚಿಕಿತ್ಸೆ ನೀಡಿ ಕಳುಹಿಸುತ್ತಾರೆ. ಚಿಕಿತ್ಸೆಯನ್ನು ನಿರಾಕರಿಸುವುದಿಲ್ಲ, ಮಾಂಸವನ್ನು ಉಣಿಸುವುದೂ ಇಲ್ಲ. ಬೆಳ್ಳಕ್ಕಿಯ ಕರ್ಮ ಬೆಳ್ಳಕ್ಕಿಯದು. ನೋಡುವವನ ಪಾಲಿಗೆ ಇರುವ ಅಪಾಯ ಬೇರೊಂದು: ಕೃತ, ಕಾರಿತಗಳ ಜೊತೆಗೆ ಅನುಮೋದನೆಯೂ ಹಿಂಸೆಯ ಬಾಗಿಲೇ ಆಗಿದೆ. ಬೇಟೆಯ ಕ್ಷಣಕ್ಕಾಗಿ ಕ್ಯಾಮೆರಾ ಹಿಡಿದು ಕಾತರಿಸಿ, ಕೊಕ್ಕಿನಲ್ಲಿ ಜೀವ ವಿಲವಿಲ ಒದ್ದಾಡುವಾಗ "ಸಿಕ್ಕಿತು!" ಎಂದು ಸಂಭ್ರಮಿಸುವವನು ಬೆಳ್ಳಕ್ಕಿಗಿಂತ ಹೆಚ್ಚಿನ ಬಂಧವನ್ನು ಕಟ್ಟಿಕೊಳ್ಳುತ್ತಾನೆ. ಬೆಳ್ಳಕ್ಕಿಗೆ ಹಸಿವಾದರೂ ಇತ್ತು.

ಈ ಸಂಭ್ರಮ ಹೊಸತೇನಲ್ಲ. 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಿ ಕಡೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಅಕಂಪನ ಮುನಿಗಳ ಧರ್ಮಬೋಧೆ ಆ ಹಕ್ಕಿಗಳ ಕಿವಿಗೆ ಬೀಳುತ್ತದೆ. ಪೂರ್ವಭವ ನೆನಪಾಗಿ ಹರ್ಷದಿಂದ ಕೂಗುತ್ತವೆ. ಆ ಕೂಗನ್ನು ಕೇಳಿದ ಯಶೋಮತಿ ರಾಜನು ರಾಣಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಸಲೆಂದು ಬಾಣ ಬಿಡುತ್ತಾನೆ. ಹಸಿವಿಲ್ಲ, ಹಗೆಯಿಲ್ಲ; ಕೈಚಳಕ ತೋರಿಸುವ ಹುಮ್ಮಸ್ಸಷ್ಟೆ. ಸತ್ತವರು ಅವನ ತಂದೆ ಮತ್ತು ಅಜ್ಜಿ. ಆ ಕೂಗಿನಲ್ಲಿ ಏನಿತ್ತೆಂದು ಅರಿಯುವ ಕಿವಿ ಅವನಿಗಿದ್ದಿದ್ದರೆ ಬಾಣ ಬತ್ತಳಿಕೆಯಲ್ಲೇ ಉಳಿಯುತ್ತಿತ್ತು.

ತೆಂಗಿನ ಸೀಮೆಯಲ್ಲಿ ಈ ಅರಿವು ತೋಟದೊಳಗೇ ಪರೀಕ್ಷೆಗೆ ಬರುತ್ತದೆ. ಕೆಂಪುಮೂತಿ ಹುಳುವೋ ಬರಗಾಲವೋ ಬಡಿದು ಸುಳಿ ಬಿದ್ದ ಮರಗಳು ಅಲ್ಲಲ್ಲಿ ಮೊಂಡಾಗಿ ನಿಂತಿರುತ್ತವೆ. ಬೆಳೆಗಾರನಿಗೆ ಅವು ನಿರುಪಯುಕ್ತ. ಮರಕುಟಿಗ ಕೊರೆದ ಪೊಟರೆಯಲ್ಲಿ ಗಿಳಿ, ಗೊರವಂಕ, ಹಾಲಕ್ಕಿಗಳಿಗೆ ಅವೇ ಹೆರಿಗೆಮನೆ. ಹಾಗೆಂದು ಎಲ್ಲ ಮೊಂಡುಮರಗಳನ್ನೂ ಉಳಿಸಿ ಎನ್ನುವುದು ರೈತನಿಗೆ ಅನ್ಯಾಯ. ಕೊಳೆತ ಕಾಂಡದಲ್ಲಿ ಕುರುವಾಯಿ ದುಂಬಿ ಮರಿಮಾಡಿ ಪಕ್ಕದ ಮರಗಳಿಗೆ ಏರುತ್ತದೆ, ಅಂತಹ ಮರವನ್ನು ಕಡಿದು ವಿಲೇವಾರಿ ಮಾಡಬೇಕೆಂಬ ಕೃಷಿತಜ್ಞರ ಮಾತು ಸರಿಯಾದುದೇ. ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ಣವಾಗಿ ತಪ್ಪದು. ಅವನು ಬಿಡಬೇಕಾದುದು ಸಂಕಲ್ಪಿ ಹಿಂಸೆಯನ್ನು. ಆದರೆ ಪೊಟರೆಯಲ್ಲಿ ಮರಿಗಳಿರುವುದು ಗೊತ್ತಿದ್ದೂ ಮರ ಉರುಳಿಸಿದರೆ ಅದು ಯಾವ ಬಗೆಯ ಹಿಂಸೆಯಾಯಿತು? ಉರುಳಿದ ಪೊಟರೆಯ ಗಿಳಿಮರಿಗಳು ಪಂಜರ ಸೇರುವುದೂ ಉಂಟು. ದೇಶೀ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದಕ್ಕೂ ಬಹಳ ಹಿಂದೆಯೇ ಜೀವವನ್ನು ಕಟ್ಟಿಡುವ 'ಬಂಧ'ವನ್ನು ಅಹಿಂಸಾಣುವ್ರತದ ಅತಿಚಾರಗಳ ಸಾಲಿನಲ್ಲಿ ಮೊದಲು ಎಣಿಸಲಾಗಿದೆ. ಇದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದವರು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಯಾರ ವ್ರತೋಪದೇಶವೂ ಇಲ್ಲದೆ ಕಾಯ್ದುಕೊಂಡು ಬಂದಿದ್ದಾರೆ.

ಮಾಗಿಯ ಒಂದು ದಿನ ಗೆಳೆಯನೊಡನೆ ಕೆರೆ ಸುತ್ತಿ ಬಂದ ಕಣ್ಣು, ಸಂಜೆ ಸೂರ್ಯ ಮುಳುಗುವ ಮುನ್ನ ಊಟ ಮುಗಿಸಿ ತೋಟಕ್ಕೆ ಬಂದಾಗ, ಅಲ್ಲಿಯ ಪೊಟರೆಯನ್ನೂ ಕಾಣುವಂತಾಗಬೇಕು. ಗಿಳಿಗಳು ಗೂಡು ಹೂಡುವುದು ಈ ಚಳಿ ಕಳೆಯುವ ಹೊತ್ತಿಗೇ. ಬೇಸಿಗೆಯಲ್ಲಿ ಮರಿಗಳು ರೆಕ್ಕೆ ಬಲಿತು ಹೊರಬೀಳುತ್ತವೆ. ಮೊಂಡುಮರಕ್ಕೆ ಕೊಡಲಿಯಿಡುವ ಕೆಲಸ ಮುಂಗಾರಿನ ಮುನ್ನಾ ದಿನಗಳವರೆಗೆ ಕಾಯಬಹುದು. ಕಡಿಯುವ ಬೆಳಿಗ್ಗೆಯೂ ಬುಡವನ್ನು ಒಮ್ಮೆ ತಟ್ಟಿ, ಪೊಟರೆಯತ್ತ ನೋಡುತ್ತ ಸ್ವಲ್ಪ ಹೊತ್ತು ನಿಲ್ಲಬೇಕು. ಒಳಗಿನಿಂದ ತಲೆಯೊಂದು ಇಣುಕಿದರೆ ಆಳಿಗೆ ಆ ದಿನದ ಕೂಲಿ ಕೊಟ್ಟು ಕಳುಹಿಸಬೇಕು.