ಬಾವಿಗೆ ಇಳಿಯುವ ಯೂರಿಯಾ



ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಸಾಕುವವರು ನೀರಿನ ನೈಟ್ರೇಟನ್ನು ಆಗಾಗ್ಗೆ ಅಳೆಯುತ್ತಾರೆ. ಹೆಚ್ಚಿದರೆ ಒಂದಷ್ಟು ನೀರು ತೆಗೆದು ಹೊಸ ಉಪ್ಪುನೀರು ತುಂಬುತ್ತಾರೆ. ಮೀನಿಗೆ ತೋರುವ ಈ ಎಚ್ಚರವನ್ನು ನಮ್ಮ ಮಕ್ಕಳು ಕುಡಿಯುವ ಬಾವಿಯ ನೀರಿಗೆ ನಾವು ತೋರುತ್ತಿಲ್ಲ. ಬಾವಿಯ ನೀರನ್ನು ಹಾಗೆ ಬದಲಾಯಿಸಲೂ ಬಾರದು.

ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಆರು ತಿಂಗಳೊಳಗಿನ ಹಸುಳೆಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗಿ, ಮೈ ನೀಲಿಗಟ್ಟುವ ಅಪಾಯವಿದೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುತ್ತದೆ.

45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 21 ಕಿಲೋ ಸಾರಜನಕವಿದೆ. ಅದರ ಕಾಲು ಭಾಗ ನೈಟ್ರೇಟಾಗಿ ಬಸಿದು ಇಳಿದರೂ ಸುಮಾರು 5 ಲಕ್ಷ ಲೀಟರ್ ಶುದ್ಧ ನೀರು ಈ ಮಿತಿಯನ್ನು ಮುಟ್ಟುತ್ತದೆ. ಅಗ್ಗವೆಂದು ಒಂದು ಚೀಲ ಹೆಚ್ಚಿಗೆ ಎರಚುವುದು ಲಾಭವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಆದುದರಿಂದ ಮಣ್ಣು ಪರೀಕ್ಷೆಗೆ ಅನುಗುಣವಾಗಿ ಗೊಬ್ಬರ ಕೊಡಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತುಗಳಲ್ಲಿ ಹಾಕಿ. ಮರಳು ಭೂಮಿಯಲ್ಲಿ ಇದು ಇನ್ನೂ ಅಗತ್ಯ. ಜೋರು ಮಳೆಯ ಮುನ್ಸೂಚನೆಯಿದ್ದಾಗ ತಡೆಯಿರಿ. ತಿಪ್ಪೆಗುಂಡಿ, ಪಾಯಿಖಾನೆ ಗುಂಡಿಗಳು ಬಾವಿಯಿಂದ ದೂರವಿರಲಿ. ಸಗಣಿಯ ಸಾರಜನಕವೂ ಕೊನೆಗೆ ನೈಟ್ರೇಟೇ ಆಗುತ್ತದೆ. ಮನೆಯಲ್ಲಿ ಹಸುಗೂಸಿದ್ದರೆ ಬಾವಿ ಅಥವಾ ಕೊಳವೆ ಬಾವಿಯ ನೀರನ್ನು ತಪ್ಪದೆ ಪರೀಕ್ಷೆ ಮಾಡಿಸಿ. ಮಿತಿ ಮೀರಿದ್ದರೆ ಮಗುವಿನ ಹಾಲಿಗೆ ಆ ನೀರನ್ನು ಬೆರೆಸಬೇಡಿ.

ಒಮ್ಮೆ ಕೆಟ್ಟ ಬಾವಿ ಸರಿಹೋಗಲು ವರ್ಷಗಳೇ ಬೇಕು. ಬರುವ ಮುಂಗಾರಿನಿಂದಲೇ ಈ ಕ್ರಮ ಅನುಸರಿಸಿರಿ.