ನಮ್ಮ ಮಾತಿಗೆ ನಾವ ನಾಚಿಕೊಂಡ್ರ

ಅಕ್ಕ-ತಂಗ್ಯಾರ, ಹೋದ ವಾರ ಮೊಮ್ಮಗಳ ಶಾಲಿಯೊಳಗ ಪಾಲಕರ ಸಭೆ ಇತ್ತು. ಸೊಸಿಗೆ ರಜಾ ಸಿಗಲಿಲ್ಲ ಅಂತ ನಾ ಹ್ವಾದೆ. ಗೇಟಿನ ಮುಂದ ಹುಡುಗಿ ನನ್ನ ಸೆರಗು ಜಗ್ಗಿ, "ಆಯಿ, ಮಿಸ್ ಮುಂದ ಐತಿ, ಬ್ಯಾಡ್ರಿ ಅನಬ್ಯಾಡ. ಎಲ್ಲಾರೂ ನಗ್ತಾರ" ಅಂದ್ಲು. ನಾನೂ ಒಳಗ ಹೋಗಿ 'ಇದೆ, ಬೇಡ' ಅನ್ನಾಕ ಹೋಗಿ ತೊದಲಿದೆ. ಭಾಗಾಕಾರ ಯಾಕ ತಿಳಿವಲ್ದು ಅಂತ ಕೇಳಾಕ ಹೋದಾಕಿ ಕೇಳದ ಹೊಳ್ಳಿ ಬಂದೆ.

ಮನ್ಯಾಗ ರೊಟ್ಟಿ ಬಡಿಯುವಾಗ ಅದ ತಲಿಯಾಗ ಕೊರೀತಿತ್ತು. ಈ ಸೀಮಿಯ ಹಳೇ ಕವಿಗೋಳು ಅವತ್ತು ಆ ಕೋಣ್ಯಾಗ ಒಂದು ಬೆಂಚಿನ ಮ್ಯಾಲೆ ಕುಂತಿದ್ರ ಏನಂತಿದ್ರು?

ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲೈತಿ ಅಂತ ಹೇಳುವಾಗ ನಾಕು ಊರು ಹೆಸರಿಸ್ತದ. ಅದರಾಗ ಪುಲಿಗೆರೆ ಒಂದು. 941ರಾಗ ಕಾವ್ಯ ಬರೆದ ಪಂಪನೂ ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಅಂತ ಹೆಮ್ಮಿಲೆ ಹೇಳಿಕೊಂಡಾನ. ಅವನ ಕನ್ನಡ ನಮ್ಮ ಕನ್ನಡ ಒಂದ ಅಲ್ಲ, ಸಾವಿರ ವರ್ಷದಾಗ ಮಾತು ಭಾಳ ಬದಲಾಗೈತಿ. ಆದ್ರ ಊರು ಅದ. ಅಂವ ಹೆಮ್ಮಿಪಟ್ಟ ಸೀಮಿಯವರು ನಾವು, ಟೀವಿಯೊಳಗ ನಗಸೋ ಪಾತ್ರದ ಬಾಯಾಗ ನಮ್ಮ ಮಾತು ಕೇಳಿ ನಾವೂ ಕೂಡಿ ನಗತೀವಿ.

ಗದಗ ತಾಲೂಕಿನ ಮುಳಗುಂದದ ನಯಸೇನ ಇನ್ನೂ ಖಾರ. 1112ರಾಗ ಧರ್ಮಾಮೃತ ಬರೆದ ಅಂವ, ಕನ್ನಡದಾಗ ಸಂಸ್ಕೃತ ತುರುಕೋ ಕವಿಗಳಿಗೆ, ತುಪ್ಪಾ ಎಣ್ಣಿ ಕೂಡಿಸಿದ್ರ ಚಂದೇನು ಅಂತ ಚುಚ್ಚಿದಂವ. ಅಡಗಿಮನಿ ಮಾತಿನ್ಯಾಗ ಪಂಡಿತರಿಗೆ ಕೊಟ್ಟ ಪೆಟ್ಟು! ಹಂಗಂತ ಅವನ ಪುಸ್ತಕದಾಗ ಸಂಸ್ಕೃತ ಇಲ್ಲಂತಲ್ಲ, ಐತಿ. ನಮ್ಮ ಬಾಯಾಗೂ ಮರಾಠಿ, ಉರ್ದು, ಇಂಗ್ಲಿಷ್ ಎಲ್ಲಾ ಅದಾವ. ಖುರ್ಚಿ, ಕಿಡಕಿ, ಮೊಬೈಲ್ ಬಿಟ್ಟು ದಿನಾ ಕಳೀತದೇನು? ಕೂಡಿಸಿದ್ದಕ್ಕ ನಯಸೇನ ಒಂದೀಟು ನಕ್ಕು ಬಿಡತಿದ್ದ. ಆದ್ರ ಮನಿ ತುಪ್ಪ ಮುಚ್ಚಿಟ್ಟು, ಮಂದಿ ಮುಂದ "ಅಯ್ಯ, ನಾವು ತುಪ್ಪಾನ ಕಂಡಿಲ್ರಿ" ಅನ್ನೋ ನನ್ನಂಥವರನ್ನ ಅಂವ ಬಿಡತಿದ್ದಿಲ್ಲ.

ಶಿಶುನಾಳ ಶರೀಫರನ್ನ (1819–1889) ನೆನಸ್ರಿ. ಲಕ್ಷ್ಮೇಶ್ವರದಿಂದ ಅವರ ಊರು ದೂರಿಲ್ಲ. ಅವರು ಒಂದಷ್ಟು ದಿನ ಶಾಲಿ ಮಾಸ್ತರಿಕಿ ಮಾಡಿದವರು! ಆದ್ರೂ ತತ್ವ ಹೇಳಾಕ ಅವರು ಪಂಡಿತರ ಭಾಷಾ ಹುಡಕಲಿಲ್ಲ. ಸೋರೋ ಮಾಳಗಿ, ಕೋಳಿ, ಕೊಡಗ ಸಾಕಾದ್ವು. ಆ ಪದಗಳನ್ನ ನಾವು ಶ್ರಾವಣದ ಭಜನಿಯಾಗ ತಾಳ ಬಡದು ಹಾಡತೀವಿ. ಅದ ಮಾತು ಶಾಲಿ ಗೇಟಿನ್ಯಾಗ ಹೊಲಸು ಆಗೋದು ಹೆಂಗ?

ಶಾಲಿ ಭಾಷಾ ಬ್ಯಾಡ ಅಂತ ನಾ ಹೇಳೋದಿಲ್ಲ. ಪರೀಕ್ಷೆಗೆ, ನೌಕರಿಗೆ ಗ್ರಂಥದ ಕನ್ನಡನೂ ಬೇಕು, ಇಂಗ್ಲಿಷೂ ಬೇಕು. ಆದ್ರ ಹೊಸ ಸೀರಿ ತಂದಾಕ್ಷಣ ಹಳೇ ಇಳಕಲ್ ಸೀರಿ ಒಲಿಗೆ ಹಾಕತೀವೇನು?

ಈಗ ನನ್ನ ತಪ್ಪು ಕೇಳ್ರಿ. ಆ ಹುಡುಗಿಗೆ ನಾಚಿಕಿ ಕಲಿಸಿದಾಕಿ ನಾನ. ಬೆಂಗಳೂರಿನ ಬೀಗರ ಫೋನ್ ಬಂದ್ರ ನನ್ನ ದನಿನ ಬ್ಯಾರೆ ಆಗ್ತದ. ಮಗ ಸಣ್ಣಾಂವ ಇದ್ದಾಗ "ಮಂದಿ ಮುಂದ ನೀಟ ಮಾತಾಡು" ಅಂತ ತೊಡಿ ಚಿವುಟಿದ ಕೈ ಇದು. ಮುಂಡರಗಿಯ ನಮ್ಮ ನಾದಿನಿ ಎಲ್ಲಿ ಹ್ವಾದ್ರೂ "ಯಾಕ್ರಿ, ಹೆಂಗದೀರಿ" ಅಂತ ಬಾಯಿ ತುಂಬ ಮಾತಾಡಿದ್ರ, ನಾ ಮುಖ ಆಕಡೆ ಮಾಡಿದ್ದೂ ಐತಿ. ಹಳೇ ಕವಿಗೋಳು ಬಂದಿದ್ರ ಸರಕಾರಕ್ಕ, ಶಾಲಿಗೆ ಆಮ್ಯಾಲೆ ಬೈತಿದ್ರು. ಮೊದಲ ನಮ್ಮ ಪಡಸಾಲ್ಯಾಗ ಕುಂತು ನನಗ ಬೈತಿದ್ರು.

ಸ್ವಾಮಾರ ನಾ ಮತ್ತ ಶಾಲಿಗೆ ಹೊಂಟೀನಿ. "ಅಕ್ಕೋರ, ನಮ್ಮ ಹುಡುಗಿಗೆ ಭಾಗಾಕಾರ ತಿಳಿವಲ್ದು, ಒಂದೀಟು ಬಿಡಿಸಿ ಹೇಳ್ರಿ" ಅಂತ ಕೇಳತೀನಿ. ಹುಡುಗಿಗೆ ನಿನ್ನೆ ರಾತ್ರಿನ ಹೇಳೀನಿ. ಮೊದಲ ಮುಖ ಸಣ್ಣ ಮಾಡಿದ್ಲು. ಆಮ್ಯಾಲೆ, "ಆಯಿ, ಪಂಪನೂ ಐತಿ ಅಂತಿದ್ನೇನು?" ಅಂತ ಕೇಳಿದ್ಲು. ಇಲ್ಲವಾ, ಆದ್ರ ಅಂವ ನಾಚಿಕೋತಿದ್ದಿಲ್ಲ ಅಂದೆ.