ಬೀಜದ ಗಡಿಗೆ ಬರಿದಾಗದಿರಲಿ

ಶ್ರಾವಣ ಬಂತೆಂದರೆ ನಾಗರ ಪಂಚಮಿ. ಪಂಚಮಿ ಎಂದರೆ ಅಳ್ಳು. ನಮ್ಮ ಜತ್ತ ತಾಲೂಕಿನ ಮೂಡಣ ದಿಕ್ಕಿನ ಕನ್ನಡ ಊರುಗಳಲ್ಲಿ, ಉಮದಿಯಿರಲಿ ಸಂಖವಿರಲಿ, ಹಬ್ಬದ ಹಿಂದಿನ ದಿನ ಅಳ್ಳು ಹುರಿಯುವ ವಾಸನೆ ಓಣಿಯ ತುಂಬ ಹರಡುತ್ತಿತ್ತು. ಈಗ ಎಷ್ಟೋ ಮನೆಯವರು ಪೇಟೆಯಿಂದ ಪುಡಿಕೆ ಕಟ್ಟಿಸಿ ತರುತ್ತಾರೆ. ಹುರಿಯುವದು ಬೇಸರವೆಂದಲ್ಲ, ಅಳ್ಳಿನ ಜೋಳವೇ ಮನೆಯಲ್ಲಿಲ್ಲ. ಮನೆಯಲ್ಲಿಲ್ಲ, ಯಾಕಂದರೆ ಹೊಲದಲ್ಲಿಲ್ಲ. ಹೊಲದಲ್ಲಿಲ್ಲ, ಯಾಕಂದರೆ ಬೀಜದ ಗಡಿಗೆ ಬರಿದಾಗಿದೆ.

ಪರರ ಮಾತೇಕೆ, ನಮ್ಮದೇ ಹೇಳುವೆವು. ನಮ್ಮ ತಾಯಿಯವರು ಕಾದಿಟ್ಟ ಅಳ್ಳಿನ ಜೋಳದ ಗಡಿಗೆಗೆ ಒಂದು ವರುಷ ಹುಳ ಬಿದ್ದಿತು. ಬರುವ ವರುಷ ಯಾರ ಕಡೆಯಿಂದಾದರೂ ತಂದರಾಯಿತೆಂದು ಸುಮ್ಮನಾದೆವು. ಮೂರು ವರುಷ ಹಾಗೆಯೇ ಕಳೆದವು. ಆಮೇಲೆ ಊರೆಲ್ಲ ಕೇಳಿದರೂ ಒಂದು ಹಿಡಿ ಸಿಗಲಿಲ್ಲ. ಕೊನೆಗೆ ಗಡಿಯಾಚೆ ಇಂಡಿ ತಾಲೂಕಿನಲ್ಲಿ, ನಮ್ಮ ಅಕ್ಕನನ್ನು ಕೊಟ್ಟ ಮನೆಯ ಜಂತಿಗೆ ತೂಗಹಾಕಿದ ಗಂಟಿನಲ್ಲಿ ಅದು ಸಿಕ್ಕಿತು. ಅಕ್ಕನ ಅತ್ತೆಯವರು ಎರಡು ಹಿಡಿ ಕೊಟ್ಟು, "ನಿಮ್ಮವ್ವಾರು ಕೊಟ್ಟಿದ್ದ ಬೀಜರೀ ಇದು. ನಿಮ್ಮದ ನಿಮಗ ಹೊಂಟೈತಿ, ಏನೂ ಭಾರ ತಿಳೀಬ್ಯಾಡ್ರಿ" ಅಂದರು. ನಮ್ಮಲ್ಲಿ ಕೂಡಿಟ್ಟದ್ದು ಹಾಳಾಗಿತ್ತು, ಹಂಚಿದ್ದು ಉಳಿದಿತ್ತು. ಈ ಲೇಖನಕ್ಕೆ ಕಾರಣ ಅದೇ.

ಈ ಮಾತು ಜೋಳಕ್ಕೆ ಮಾತ್ರ ಸಲ್ಲುವದಲ್ಲ. ಇಂಗ್ಲಂಡದ ಸಫೋಕ್ ಪ್ರಾಂತದಲ್ಲಿ ಸೆಡ್ರಿಕ್ ಮಾರಿಸ್ ಎಂಬ ಚಿತ್ರಕಾರನಿದ್ದ. ಅವನು ಐರಿಸ್ ಎಂಬ ಗಡ್ಡೆ ಹೂವಿನ ಅನೇಕ ತಳಿಗಳನ್ನು ತನ್ನ ತೋಟದಲ್ಲಿ ಎಬ್ಬಿಸಿದ. 1982ರಲ್ಲಿ ಅವನು ತೀರಿಕೊಂಡ ಮೇಲೆ ಆ ತಳಿಗಳು ಚದುರಿ ಹೋದವು. ಮುಂದೆ ಸಾರಾ ಕುಕ್ ಎಂಬ ತೋಟಗಾರ್ತಿ ಊರೂರು ಹುಡುಕಿ ಹಲವು ತಳಿಗಳನ್ನು ಮರಳಿ ಕೂಡಿಸಿದಳು. ಅವು ಉಳಿದಿದ್ದು ಅವರಿವರ ತೋಟಗಳಲ್ಲಿ. ಅಮೇರಿಕೆಯಲ್ಲಿ ಮೂವತ್ತು ವರುಷ ಮೀರಿದ ಐರಿಸ್ ತಳಿಗಳನ್ನು ಕಾಯಲೆಂದೇ ಒಂದು ಸಂಘವಿದೆ. ಬರಿಯ ಹೂವಿಗಾಗಿ ಅವರು ಇಷ್ಟು ಮಾಡುವಾಗ, ಹೊಟ್ಟೆಗೆ ಹಾಕುವ ಕಾಳಿಗಾಗಿ ನಾವೆಷ್ಟು ಮಾಡಬೇಕು?

ನಮ್ಮ ಎರಿ ಭೂಮಿಯ ಹಿಂಗಾರಿ ಜೋಳದ ಹಿರಿಮೆಯನ್ನು ಓದುಗರು ಬಲ್ಲರು. ಮಾಲದಂಡಿ ಇದೆ, ದಗಡಿ ಇದೆ, ಸೀತನಿಗೆ ಸಕ್ಕರಿ ಮುಕ್ಕರಿ ಇದೆ. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳ ಕೇಂದ್ರದಲ್ಲಿ ಆರಿಸಿ ತೆಗೆದ ಎಂ 35-1 ಎಂಬ ತಳಿಯು ಹೊಸದಾಗಿ ಹುಟ್ಟಿಸಿದ್ದಲ್ಲ. ಒಕ್ಕಲಿಗರ ಹೊಲದ ಮಾಲದಂಡಿಯಿಂದಲೇ ಆರಿಸಿದ್ದು. ಸುಮಾರು ತೊಂಬತ್ತು ವರುಷ ಕಳೆದರೂ ಜನ ಅದನ್ನು ಬಿಟ್ಟಿಲ್ಲ. ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ಬಂತು. ಹಳೆಯ ಬೀಜ ಕೆಲಸಕ್ಕೆ ಬಾರದ್ದೆಂದು ಹೇಳುವವರಿಗೆ ಇದೇ ಉತ್ತರ.

ಹಾಗೆಂದು ಹೊಸದನ್ನೆಲ್ಲ ಹಳಿಯುವದು ನಮ್ಮ ಉದ್ದೇಶವಲ್ಲ. 1964ರಲ್ಲಿ ಸಿ.ಎಸ್.ಎಚ್. 1 ಎಂಬ ಮೊದಲ ಹೈಬ್ರಿಡ್ ಜೋಳ ಬಂತು. ಮುಂಗಾರಿಗೆ ಕಾಳು ಹೆಚ್ಚು ಕೊಟ್ಟಿತು. 1972ರ ಬರದಲ್ಲಿ ಅಮೇರಿಕೆಯ ಕೆಂಪು ಮಿಲೋ ಜೋಳ ತಿಂದ ಹಿರಿಯರು ಇನ್ನೂ ಇದ್ದಾರೆ. ಕಾಳಿನ ಬೆಲೆ ಅವರಿಗೆ ಗೊತ್ತು. ಬೀಜದ ಗಡಿಗೆಗೂ ಕೈ ಹಾಕುವ ಪ್ರಸಂಗ ಅಂಥ ಬರದಲ್ಲಿಯೇ ಬರುವದು. ಆದರೆ ಹೈಬ್ರಿಡ್ ದಂಟು ಗಿಡ್ಡ, ಕಣಿಕೆ ಕಡಿಮೆ. ಖಿಲಾರಿ ಎತ್ತು ಕಟ್ಟಿದವನಿಗೆ ಕಾಳಿನಷ್ಟೇ ಕಣಿಕೆಯೂ ಬೇಕು. ಮೇಲಾಗಿ ಹೈಬ್ರಿಡ್ ಬೆಳೆಯಿಂದ ತೆಗೆದ ಕಾಳನ್ನು ಬಿತ್ತಿದರೆ ಮರುವರುಷ ಪೈರು ಒಂದೇ ಸಮ ಬರುವದಿಲ್ಲ. ಪ್ರತಿವರುಷ ಅಂಗಡಿಗೇ ಹೋಗಬೇಕು. ಇನ್ನು ನೀರು ಮುಟ್ಟಿದ ಹೊಲಗಳಲ್ಲಿ ದ್ರಾಕ್ಷಿ, ದಾಳಿಂಬ ಬಂದಿವೆ. ಬರಲಿ, ರೊಕ್ಕ ಯಾರಿಗೆ ಬೇಡ? ಆದರೆ ದ್ರಾಕ್ಷಿಯ ಹೊಲದ ಬದುವಿಗೆ ನಾಲ್ಕು ಸಾಲು ಅಳ್ಳಿನ ಜೋಳ ಹಾಕಿದರೆ ದ್ರಾಕ್ಷಿ ಸಿಟ್ಟಾಗುವದಿಲ್ಲ.

ಬೀಜ ಕೊಟ್ಟರೆ ಕಾಯ್ದೆ ಅಡ್ಡ ಬರುವದೋ ಎಂದು ಕೆಲವರು ಅಂಜುವರು. ಅಂಜಬೇಕಾಗಿಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಒಕ್ಕಲಿಗನು ತನ್ನ ಬೀಜವನ್ನು ಕಾದಿಡಬಹುದು, ಬಿತ್ತಬಹುದು, ಅದಲು ಬದಲು ಮಾಡಬಹುದು, ಮಾರಲೂಬಹುದು. ಕಾಯ್ದೆಯ ರಕ್ಷಣೆ ಪಡೆದ ತಳಿಯ ಬೀಜವನ್ನು ಬ್ರ್ಯಾಂಡಿನ ಹೆಸರು ಹಚ್ಚಿ ಮಾರತಕ್ಕದ್ದಲ್ಲ, ಅಷ್ಟೇ. ರೈತರು ತಮ್ಮ ತಳಿಯನ್ನು ಫೀ ಇಲ್ಲದೆ ನೋಂದಾಯಿಸಲಿಕ್ಕೂ ಅದರಲ್ಲಿ ಅವಕಾಶವಿದೆ. ನಮ್ಮ ರಾಜ್ಯದವರೇ ಆದ ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ಹಳೆಯ ಬೀಜ ಕೂಡಿಸಿ ಹಂಚಿದ್ದಕ್ಕೆ ಅವರಿಗೆ 2020ರ ಪದ್ಮಶ್ರೀ ಬಂತು. ನಮ್ಮ ತಾಯಂದಿರಿಗೆ ಅದಕ್ಕಿಂತ ಕಡಿಮೆ ಬುದ್ಧಿ ಇದೆಯೇ?

ಈಗ ಮಾಡುವ ಬಗೆ. ಜೋಳವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವದಾದರೂ, ಗಾಳಿಯಿಂದ ಪಕ್ಕದ ಹೊಲದ ಪರಾಗವೂ ಸ್ವಲ್ಪ ಕೂಡುವದು. ಆದಕಾರಣ ಬೀಜದ ತೆನೆಯನ್ನು ಬದುವಿನಿಂದ ತೆಗೆಯದೆ ಹೊಲದ ನಡುವಿನಿಂದ ಆರಿಸಬೇಕು. ಸಾಲು ಕಡಿಮೆ ಇದ್ದರೆ, ಹೂ ಒಡೆಯುವ ಮೊದಲೇ ತೆನೆಗೆ ಕಾಗದದ ಚೀಲ ಕಟ್ಟಿ, ಹೂ ಮುಗಿದ ಮೇಲೆ ಬಿಚ್ಚಬೇಕು. ಒಂದೆರಡು ದೊಡ್ಡ ತೆನೆ ಸಾಲದು. ಬೇರೆ ಬೇರೆ ಗಿಡದ ಐವತ್ತು ತೆನೆಯಾದರೂ ಇರಲಿ, ಇಲ್ಲವಾದರೆ ತಳಿಯ ಕಸುವು ಕುಗ್ಗುವದು. ರಾಶಿ ಮಾಡುವ ಮೊದಲೇ ಈ ತೆನೆಗಳನ್ನು ಬೇರೆ ತೆಗೆದು, ಹಲ್ಲಿಗೆ ಕಟ್ಟೆನ್ನುವಷ್ಟು ಒಣಗಿಸಿ, ಬೂದಿ ಬೇವಿನೆಲೆ ಕೂಡಿಸಿ ಗಡಿಗೆಯಲ್ಲಿಡಬೇಕು. ಕಾಡಿಗೆ ರೋಗವು ಬೀಜದ ಜೊತೆಗೇ ಊರಿಂದೂರಿಗೆ ಹೋಗುವದೆಂಬುದನ್ನು ಮರೆಯಬಾರದು. ಬಿತ್ತುವ ಮೊದಲು ಒಂದು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಹುಡಿ ಹಚ್ಚಬೇಕು. ಹಾಗೆ ಹಚ್ಚಿದ ಕಾಳನ್ನು ತಿನ್ನಲಿಕ್ಕೆ ಬಳಸಕೂಡದು.

ಅದಲು ಬದಲಿಗೆ ಸಭೆ, ಮಂಟಪ, ಭಾಷಣ ಬೇಕಾಗಿಲ್ಲ. ನಮ್ಮ ಹಬ್ಬಗಳೇ ಸಾಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಬೀಗರು ಬಿಜ್ಜರು ಹೊಲಕ್ಕೆ ಬರುವರು. ಆಗ ಬೆಳೆ ನಿಂತಿರುತ್ತದೆ. ಉಂಡ ಮೇಲೆ ನಾಲ್ಕು ಸಾಲು ನೋಡಿ, ಬೇಕಾದದ್ದನ್ನು ಕೇಳಿಡಲಿ. ಯುಗಾದಿಯ ಹೊತ್ತಿಗೆ ಬೀಜ ಒಣಗಿ ಸಿದ್ಧವಾಗುವದು. ಗಣೇಶ ಚೌತಿಯೊಳಗೆ ಕೈಮುಟ್ಟಿಸಿದರೆ ಉತ್ತರಿ, ಹಸ್ತದ ಮಳೆಗೆ ಕೂರಿಗೆ ಕಟ್ಟಲು ಅನುವಾಗುವದು. ಒಂದು ಎಕರೆಗೆ ಮೂರು ನಾಲ್ಕು ಕಿಲೋ ಸಾಕು. ಮೊದಲ ವರುಷ ಒಂದು ಸೇರು ಸಿಕ್ಕರೂ ಮರುವರುಷಕ್ಕೆ ಊರಿಗೆ ಸಾಲುವದು. ಬೆಲೆ ಕಟ್ಟಬೇಡಿರಿ. ಒಂದು ಸೇರು ಒಯ್ದವನು ಎರಡು ಸೇರು ತರಲಿ. ಒಂದು ಕೊಟ್ಟವರಿಗೆ, ಇನ್ನೊಂದು ಮುಂದಿನವರಿಗೆ. ಬೀಜವನ್ನು ಬಚ್ಚಿಟ್ಟು ದುಬಾರಿ ಮಾರುವವನು ಒಂದು ವರುಷ ಗಳಿಸಬಹುದು. ಅವನ ಗಡಿಗೆಗೆ ಹುಳ ಬಿದ್ದ ದಿನ ಕೇಳಲು ಅವನಿಗೆ ಮನೆಯಿರುವದಿಲ್ಲ.

ಕೊನೆಯ ಮಾತೊಂದಿದೆ. ಗಂಟಿನ ಮೇಲೆ ಬೀಜದ ಹೆಸರನ್ನು ನಮ್ಮ ಹಿರಿಯರು ಕರೆದಂತೆಯೇ ಕನ್ನಡದಲ್ಲಿ ಬರೆಯಿರಿ. ಯಾರು ಕೊಟ್ಟರು, ಯಾವ ವರುಷ ಎಂಬುದನ್ನೂ ಬರೆಯಿರಿ. ಸಾತಬಾರಾ ಉತಾರೆಯಲ್ಲಿ ಅದು ಬರಿಯ 'ಜ್ವಾರಿ' ಅಷ್ಟೇ. ಅಳ್ಳಿನದು ಯಾವುದು, ಸೀತನಿಯದು ಯಾವುದು ಎಂಬುದು ಅಲ್ಲಿ ಸಿಗದು. ಅದನ್ನು ಬಲ್ಲವರು ನಮ್ಮ ಮನೆಯ ಮುದುಕಿಯರು. ಅವರ ಬಾಯಿಂದ ಕೇಳಿ ಬರೆದಿಡದೆ ಹೋದರೆ ಬೀಜ ಉಳಿದರೂ ಹೆಸರು ಹೋಗುವದು. ಹೆಸರು ಹೋದ ಬೀಜವನ್ನು ಬಹಳ ದಿನ ಯಾರೂ ಕಾಯುವದಿಲ್ಲ. ಗಡಿಯ ರೇಖೆ ಎಲ್ಲಿ ಬೀಳಬೇಕೆಂಬುದು ದೊಡ್ಡವರ ವ್ಯಾಜ್ಯ. ಅದು ಮುಗಿಯುವ ತನಕ ಜೋಳ ಕಾಯುವದಿಲ್ಲ. ಒಕ್ಕಲಿಗ ಬಂಧುಗಳೇ, ಇಂದು ಸಂಜೆ ಮನೆಯ ಜಂತಿಯತ್ತ ಒಮ್ಮೆ ಕಣ್ಣು ಹಾಯಿಸಿರಿ. ಗಂಟು ಇದ್ದರೆ ಬಿಚ್ಚಿ ಎರಡು ಹಿಡಿ ನೆರೆಮನೆಗೆ ಕೊಡಿರಿ; ಇಲ್ಲದಿದ್ದರೆ ನಾಚದೆ ಕೇಳಿರಿ.